ಮರುಮಾರಾಟದ ಡೀಲರ್‌ಗೆ ಹಳೆಯ ಕಾರು ಕೊಡುವಾಗ: ಆರ್‌ಸಿಯಿಂದ ನಿಮ್ಮ ಹೆಸರು ಇಳಿಯುವವರೆಗಿನ ಹಂತಗಳು

"ಕಾರು ಮಾರಿ ಎಂಟು ತಿಂಗಳಾಯಿತು, ಹಣವೂ ಪೂರ್ತಿ ಬಂದಿದೆ, ಆದರೆ ಆರ್‌ಸಿಯಲ್ಲಿ ಇನ್ನೂ ನನ್ನ ಹೆಸರೇ ಇದೆ, ಈಗೇನು ಮಾಡಲಿ?" ಎಂಬ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಲೇ ಇರುತ್ತಾರೆ. ಹೀಗೆ ಕೇಳುವವರಲ್ಲಿ ಹೆಚ್ಚಿನವರು ತಮ್ಮ ಕಾರನ್ನು ಸ್ವಂತಕ್ಕೆ ಓಡಿಸುವವರಿಗೆ ಮಾರಿದವರಲ್ಲ. ಕೊಂಡು, ತೊಳೆದು ಹೊಳಪು ಕೊಟ್ಟು, ಲಾಭಕ್ಕೆ ಇನ್ನೊಬ್ಬರಿಗೆ ಮಾರುವ ಡೀಲರ್ ಅಥವಾ ಬ್ರೋಕರ್‌ಗೆ ಕೊಟ್ಟವರು. ಈ ಎರಡು ಬಗೆಯ ಮಾರಾಟಗಳ ಅಪಾಯ ಒಂದೇ ಅಲ್ಲದ ಕಾರಣ, ಎರಡನೆಯದನ್ನಷ್ಟೇ ಇಲ್ಲಿ ವಿವರಿಸುತ್ತೇನೆ. ಕರ್ನಾಟಕದಲ್ಲಿ ನೋಂದಣಿಯಾದ ಖಾಸಗಿ ಕಾರನ್ನು ಗಮನದಲ್ಲಿಟ್ಟುಕೊಂಡು ಬರೆದದ್ದು ಇದು.

ಡೀಲರ್ ಕಾರನ್ನು ತನ್ನ ಹೆಸರಿಗೆ ಏಕೆ ಮಾಡಿಸಿಕೊಳ್ಳುವುದಿಲ್ಲ ಎಂಬುದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಪ್ರತಿ ವರ್ಗಾವಣೆಗೂ ಆರ್‌ಸಿಯಲ್ಲಿ ಮಾಲೀಕರ ಕ್ರಮಸಂಖ್ಯೆ ಒಂದು ಏರುತ್ತದೆ. ಇಂದು "ಫಸ್ಟ್ ಓನರ್" ಎಂದು ಹೇಳಿ ಮಾರಬಹುದಾದ ಕಾರು, ಡೀಲರ್‌ನ ಹೆಸರಿಗೆ ಹೋಗಿಬಂದರೆ "ಸೆಕೆಂಡ್ ಓನರ್" ಆಗಿ, ಬೆಲೆಯಲ್ಲಿ ಪೆಟ್ಟು ತಿನ್ನುತ್ತದೆ. ಆದ್ದರಿಂದ ಆತ ನಿಮ್ಮಿಂದ ಖಾಲಿ ಫಾರ್ಮ್‌ಗಳಿಗೆ ಸಹಿ ಹಾಕಿಸಿಕೊಂಡು, ಕೊಳ್ಳುವವರ ಹೆಸರಿನ ಜಾಗ ಬಿಟ್ಟು, ಗಿರಾಕಿ ಸಿಗುವ ತನಕ ಕಾಯುತ್ತಾನೆ. ಆ ಗಿರಾಕಿಯೂ ಇನ್ನೊಬ್ಬ ಡೀಲರ್ ಆಗಿದ್ದರೆ ಫಾರ್ಮ್‌ಗಳು ಕಾರಿನೊಂದಿಗೇ ಕೈಬದಲಾಗುತ್ತಾ ಹೋಗುತ್ತವೆ. ಅಷ್ಟೂ ಕಾಲ ಕಾನೂನಿನ ಕಣ್ಣಿಗೆ ಕಾರು ನಿಮ್ಮದು.

ಇದು ಮಾತಿನ ಅಲಂಕಾರವಲ್ಲ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಕಾರೊಂದು 2007ರಲ್ಲಿ ಮಾರಾಟವಾಗಿ, ನೋಂದಣಿ ಬದಲಾಗದೆಯೇ ಒಬ್ಬರಿಂದ ಒಬ್ಬರಿಗೆ ದಾಟಿ, 2009ರಲ್ಲಿ ಅಪಘಾತ ಮಾಡಿದ ಪ್ರಕರಣದಲ್ಲಿ, ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರು ಉಳಿದುಕೊಂಡಿದ್ದ ಮೊದಲ ಮಾಲೀಕರದೇ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಪಘಾತದ ಸಂತ್ರಸ್ತರು ಕಾರು ಯಾರಿಂದ ಯಾರಿಗೆ ಹೋಯಿತೆಂದು ಹುಡುಕಿಕೊಂಡು ಅಲೆಯಬೇಕಾಗಿಲ್ಲ ಎಂಬುದು ಅದರ ಹಿಂದಿನ ತರ್ಕ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ "ಮಾರಾಟ ಮುಗಿಯಿತು" ಎಂದರೆ ಹಣ ಬಂದ ದಿನವಲ್ಲ, ಆರ್‌ಸಿಯಿಂದ ನಿಮ್ಮ ಹೆಸರು ಇಳಿದ ದಿನ.

1. ಕೊಳ್ಳುವವರು ಯಾರೆಂದು ಖಚಿತಪಡಿಸಿಕೊಳ್ಳಿ

ಮೊದಲ ಫೋನ್ ಕರೆಯಲ್ಲೇ "ಕಾರು ಯಾರ ಹೆಸರಿಗೆ ವರ್ಗಾವಣೆಯಾಗುತ್ತದೆ, ಎಷ್ಟು ದಿನದಲ್ಲಿ?" ಎಂದು ಕೇಳಿ. ಸ್ವಂತಕ್ಕೆ ಕೊಳ್ಳುವವರು ತಡವರಿಸದೆ ಹೆಸರು ಹೇಳುತ್ತಾರೆ. "ನಮ್ಮ ಅಣ್ಣನಿಗೆ", "ಊರಿನ ಪಾರ್ಟಿಗೆ", "ಅದೆಲ್ಲ ನಮ್ಮ ಏಜೆಂಟ್ ನೋಡಿಕೊಳ್ಳುತ್ತಾರೆ" ಎಂಬ ಉತ್ತರಗಳು ಬಂದರೆ ಎದುರಿಗಿರುವವರು ಮರುಮಾರಾಟಗಾರರೆಂದು ತಿಳಿಯಿರಿ. ಅದರಲ್ಲಿ ತಪ್ಪೇನೂ ಇಲ್ಲ, ಮುಚ್ಚಿಡುವುದು ಮಾತ್ರ ತಪ್ಪು.

ಡೀಲರ್ ಎಂದು ಒಪ್ಪಿಕೊಂಡವರಿಗೆ ಕೇಳಬೇಕಾದ ಎರಡನೆಯ ಪ್ರಶ್ನೆ, ಅವರಲ್ಲಿ ಅಧಿಕೃತತೆಯ ಪ್ರಮಾಣಪತ್ರ ಇದೆಯೇ ಎಂಬುದು. ನೋಂದಾಯಿತ ವಾಹನಗಳನ್ನು ಕೊಂಡು ಮಾರುವವರು ನೋಂದಣಿ ಪ್ರಾಧಿಕಾರದಿಂದ ಇಂಥ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮವನ್ನು ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಫಾರ್ಮ್ 29ಬಿ ರೂಪದ ಈ ಪ್ರಮಾಣಪತ್ರದ ಅವಧಿ ಐದು ವರ್ಷ. ಇದಿರುವ ಡೀಲರ್‌ಗೆ ಕೊಟ್ಟರೆ ನಿಮಗಾಗುವ ಅನುಕೂಲವನ್ನು ಐದನೆಯ ಹಂತದಲ್ಲಿ ಹೇಳುತ್ತೇನೆ. ರಸ್ತೆ ಬದಿಯ ದೊಡ್ಡ ಅಂಗಡಿ, ನಾಲ್ಕು ಸಾಲು ಕಾರು, ಜಿಎಸ್‌ಟಿ ಸಂಖ್ಯೆಯ ಫಲಕ ಇವ್ಯಾವುವೂ ಆ ಪ್ರಮಾಣಪತ್ರಕ್ಕೆ ಬದಲಿಯಲ್ಲ.

2. ದಾಖಲೆಗಳನ್ನು ಕಾರು ತೋರಿಸುವ ಮೊದಲೇ ಸರಿಪಡಿಸಿಕೊಳ್ಳಿ

ಬೇಕಾಗುವ ಕಾಗದಗಳು ಇಷ್ಟು: ಆರ್‌ಸಿ, ಚಾಲ್ತಿಯಲ್ಲಿರುವ ವಿಮಾ ಪತ್ರ, ಹೊಗೆ ತಪಾಸಣೆಯ ಪ್ರಮಾಣಪತ್ರ, ಸರ್ವೀಸ್ ಬಿಲ್ಲುಗಳು, ನಿಮ್ಮ ಗುರುತು ಮತ್ತು ವಿಳಾಸದ ದಾಖಲೆ. ಡೀಲರ್ ಕೆಲವೊಮ್ಮೆ ಬಿ ಎಕ್ಸ್‌ಟ್ರಾಕ್ಟ್ ಕೇಳುತ್ತಾರೆ. ಅದು ಆರ್‌ಟಿಒ ಕಚೇರಿಯ ಮೂಲ ರಿಜಿಸ್ಟರಿನಲ್ಲಿ ನಿಮ್ಮ ವಾಹನದ ಬಗ್ಗೆ ಇರುವ ನಮೂದುಗಳ ಪ್ರತಿ, ಅಷ್ಟೆ. ಕಾಗದಗಳನ್ನು ಜೋಡಿಸುವುದಕ್ಕಿಂತ ಹೆಚ್ಚು ಸಮಯ ಹಿಡಿಯುವ ನಾಲ್ಕು ಕೆಲಸಗಳು ಬೇರೆ ಇವೆ.

ಮೊದಲನೆಯದು ಸಾಲ. ಕಾರನ್ನು ಸಾಲದಲ್ಲಿ ಕೊಂಡಿದ್ದರೆ ಬ್ಯಾಂಕಿನ ಹಕ್ಕು ಆರ್‌ಸಿಯಲ್ಲಿ ನಮೂದಾಗಿರುತ್ತದೆ; ಇದಕ್ಕೆ ಹೈಪಾಥಿಕೇಷನ್, ಆಡುಮಾತಿನಲ್ಲಿ ಎಚ್‌ಪಿ ಎನ್ನುತ್ತಾರೆ. ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಅದು ತಾನಾಗಿ ಅಳಿಯುತ್ತದೆಂದು ಭಾವಿಸಬೇಡಿ. ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಮತ್ತು ಫಾರ್ಮ್ 35 ಪಡೆದು, ಅದರ ಅವಧಿ ಮುಗಿಯುವ ಮೊದಲು ಎಚ್‌ಪಿ ರದ್ದು ಮಾಡಿಸಿ. ಐದು ವರ್ಷದ ಹಿಂದೆ ಸಾಲ ತೀರಿಸಿ, ಪತ್ರವನ್ನು ಬೀರುವಿನಲ್ಲಿಟ್ಟು ಮರೆತವರು ಈಗ ಮತ್ತೆ ಬ್ಯಾಂಕಿಗೆ ಹೋಗಬೇಕಾಗುತ್ತದೆ.

ಎರಡನೆಯದು ಸಂಚಾರ ದಂಡಗಳು. ಪರಿವಾಹನ್ ಜಾಲತಾಣದ ಇ-ಚಲನ್ ವಿಭಾಗದಲ್ಲಿಯೂ, ಬೆಂಗಳೂರಿನ ಕಾರಾಗಿದ್ದರೆ ಅಲ್ಲಿನ ಸಂಚಾರ ಪೊಲೀಸರ ವ್ಯವಸ್ಥೆಯಲ್ಲಿಯೂ ಪ್ರತ್ಯೇಕವಾಗಿ ನೋಡಿ, ಬಾಕಿ ಕಟ್ಟಿ, ಪರದೆಯ ಚಿತ್ರವನ್ನು ದಿನಾಂಕದೊಂದಿಗೆ ಉಳಿಸಿಕೊಳ್ಳಿ. ಮಾರಾಟದ ದಿನದವರೆಗೆ ಬಾಕಿ ಶೂನ್ಯವಾಗಿತ್ತೆಂಬ ಪುರಾವೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನೋಂದಣಿ ಫಲಕ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಇದನ್ನು ಕರ್ನಾಟಕ ಸರ್ಕಾರ 2023ರ ಆಗಸ್ಟಿನ ಆದೇಶದಲ್ಲಿ ಕಡ್ಡಾಯ ಮಾಡಿದಾಗ, ಫಲಕವಿಲ್ಲದ ವಾಹನಗಳಿಗೆ ಮಾಲೀಕತ್ವ ವರ್ಗಾವಣೆಯಂಥ ಸೇವೆಗಳು ಸಿಗುವುದಿಲ್ಲವೆಂದೂ ಹೇಳಿತ್ತು. ಹಳೆಯ ಫಲಕ ಇನ್ನೂ ಉಳಿದಿದ್ದರೆ ಇದನ್ನು ಡೀಲರ್‌ಗೆ ಬಿಡದೆ ನೀವೇ ಮಾಡಿಸಿ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ: ಸಾರಿಗೆ ಇಲಾಖೆಯ ಆನ್‌ಲೈನ್ ನೋಂದಣಿ ದಾಖಲೆಯಾದ ವಾಹನ್‌ನಲ್ಲಿರುವ ಮೊಬೈಲ್ ಸಂಖ್ಯೆ ಈಗ ನಿಮ್ಮ ಕೈಯಲ್ಲಿರುವುದೇ ಆಗಿರಬೇಕು. ವರ್ಗಾವಣೆಯ ಒಟಿಪಿ ಬರುವುದು ಅದಕ್ಕೆ. ಕಾರು ಕೊಂಡಾಗ ಷೋರೂಂ ಸಿಬ್ಬಂದಿ ತಮ್ಮದೋ ಇನ್ಯಾರದೋ ಸಂಖ್ಯೆ ಹಾಕಿದ್ದಿರಬಹುದು, ಒಮ್ಮೆ ನೋಡಿ.

ನೋಂದಣಿಯಾದ ವ್ಯಕ್ತಿ ತೀರಿಕೊಂಡಿದ್ದರೆ ಮೊದಲು ಫಾರ್ಮ್ 31ರ ಮೂಲಕ ವಾರಸುದಾರರ ಹೆಸರಿಗೆ ಮಾಡಿಸಿ, ಆಮೇಲೆ ಮಾರಿ. ತೀರಿಕೊಂಡವರ ಹಳೆಯ ಸಹಿಯಿರುವ ಫಾರ್ಮ್ ಬಳಸಿ "ಮ್ಯಾನೇಜ್ ಮಾಡುತ್ತೇವೆ" ಎನ್ನುವವರಿಗೆ ಕಾರು ಕೊಡಬೇಡಿ.

3. ಬೆಲೆಯ ಮಾತು

ಡೀಲರ್ ಕೊಡುವ ಬೆಲೆ ಸ್ವಂತ ಬಳಕೆಗೆ ಕೊಳ್ಳುವವರ ಬೆಲೆಗಿಂತ ಕಡಿಮೆಯೇ ಇರುತ್ತದೆ. ರಿಪೇರಿ, ಬಂಡವಾಳದ ಬಡ್ಡಿ, ತನ್ನ ಲಾಭ, ಜಿಎಸ್‌ಟಿ ನೋಂದಣಿಯಿದ್ದರೆ ಆ ಲಾಭಾಂಶದ ಮೇಲಿನ ಶೇ. 18 ತೆರಿಗೆ, ಎಲ್ಲವನ್ನೂ ಆತ ಕಳೆದು ಹೇಳುತ್ತಾನೆ. ತೆರಿಗೆ ಇರುವುದು ಕೊಂಡ ಮತ್ತು ಮಾರಿದ ಬೆಲೆಗಳ ವ್ಯತ್ಯಾಸದ ಮೇಲೆ. ಅದೂ ಡೀಲರ್ ಕಟ್ಟಬೇಕಾದದ್ದು. ಸ್ವಂತ ಬಳಕೆಯ ಕಾರು ಮಾರುವ ನೀವು ಜಿಎಸ್‌ಟಿ ಕಟ್ಟಬೇಕಾಗಿಲ್ಲ, ಆದ್ದರಿಂದ "ಜಿಎಸ್‌ಟಿ ಕಡಿತ" ಎಂದು ಪ್ರತ್ಯೇಕ ಸಾಲು ತೋರಿಸಿದರೆ ಒಪ್ಪಬೇಡಿ.

ಪರಿಶೀಲನೆಗೆ ಬಂದವರು ಒಂದು ಪುಟ್ಟ ಉಪಕರಣವನ್ನು ಬಾನೆಟ್, ಬಾಗಿಲು, ಕಂಬಗಳ ಮೇಲೆ ಒಂದೊಂದಾಗಿ ಒತ್ತಿ ಅಂಕಿ ಓದುತ್ತಾರೆ. ಅದು ಬಣ್ಣದ ದಪ್ಪವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತದೆ. ಒಂದು ಬಾಗಿಲಿನ ಅಂಕಿ ಉಳಿದವುಗಳ ದುಪ್ಪಟ್ಟಿದ್ದರೆ ಅಲ್ಲಿ ಮರುಬಣ್ಣ ಆಗಿದೆ ಎಂದರ್ಥ. ಅಪಘಾತ, ರಿಪೇರಿಗಳನ್ನು ನೀವೇ ಮೊದಲು ಹೇಳಿಬಿಟ್ಟರೆ, ಮಾತಾದ ಬೆಲೆಯನ್ನು ಕೊನೆಯ ಗಳಿಗೆಯಲ್ಲಿ ಇಳಿಸಲು ನೆಪ ಉಳಿಯುವುದಿಲ್ಲ. ಆನ್‌ಲೈನ್ ಕಂಪನಿಗಳಲ್ಲಿ ಮೊದಲು ತೋರುವ ಮೊತ್ತಕ್ಕಿಂತ ಪರಿಶೀಲನೆಯ ನಂತರದ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಿರಿ. ಕನಿಷ್ಠ ಮೂವರಿಂದ ಬೆಲೆ ಕೇಳಿ. ಟೋಕನ್ ಅಡ್ವಾನ್ಸ್ ಪಡೆದರೆ, ಯಾವ ದಿನಾಂಕದೊಳಗೆ ಉಳಿದ ಹಣ ಬರಬೇಕು, ಬಾರದಿದ್ದರೆ ಟೋಕನ್ ಏನಾಗುತ್ತದೆ ಎಂಬುದನ್ನು ಸಂದೇಶದಲ್ಲಾದರೂ ಬರೆದಿಡಿ.

4. ಹಣ ಮೊದಲು, ಕೀಲಿ ನಂತರ

2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ಒಂದೇ ವ್ಯವಹಾರಕ್ಕೆ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ; ದಂಡ ಬೀಳುವುದು ಕೊಟ್ಟವರಿಗಲ್ಲ, ಪಡೆದವರಿಗೆ, ಪಡೆದಷ್ಟೇ ಮೊತ್ತದವರೆಗೆ. ಎರಡು ಕಂತಾಗಿ, ಬೇರೆ ಬೇರೆ ದಿನ ತೆಗೆದುಕೊಂಡರೂ ಅದು ಒಂದೇ ಕಾರಿನ ಹಣ. ಆದ್ದರಿಂದ ಆರ್‌ಟಿಜಿಎಸ್ ಅಥವಾ ನೆಫ್ಟ್ ಮೂಲಕವೇ ಪಡೆಯಿರಿ. ಹಣ ಕಳಿಸುವ ಖಾತೆ, ಕಾರು ಒಪ್ಪಿಸುವಾಗ ಬರೆಯುವ ಡೆಲಿವರಿ ನೋಟಿನಲ್ಲಿ (ಆರನೆಯ ಹಂತ) ಸಹಿ ಹಾಕುವವರದೇ ಆಗಿರಲಿ. ಮೂರನೆಯವರ ಖಾತೆಯಿಂದ ಬಂದ ಹಣ ಮುಂದೆ ಸೈಬರ್ ಅಪರಾಧದ ತನಿಖೆಗೆ ಸಿಕ್ಕಿದರೆ ನಿಮ್ಮ ಖಾತೆಗೇ ತಡೆ ಬೀಳಬಹುದು.

ಎದುರಿನವರ ಫೋನಿನ "ಹಣ ಹೋಗಿದೆ" ಎಂಬ ಪರದೆ, ನಿಮಗೆ ಬಂದ ಎಸ್‌ಎಂಎಸ್, ಡಿಮ್ಯಾಂಡ್ ಡ್ರಾಫ್ಟ್ ಯಾವುದನ್ನೂ ಹಣವೆಂದು ಎಣಿಸಬೇಡಿ. ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಶಿಲ್ಕು ನೋಡಿ. ಚೆಕ್ ಆದರೆ ಪಾಸಾದ ಮೇಲೆ ಕೀಲಿ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇರುವುದಿಲ್ಲ.

5. ಫಾರ್ಮ್ 29, ಫಾರ್ಮ್ 30 ಮತ್ತು ಫಾರ್ಮ್ 29ಸಿ

ಉಳಿದ ಹಂತಗಳಲ್ಲಿ ತಪ್ಪಿದರೆ ಹಣ ಹೋಗಬಹುದು, ಇಲ್ಲಿ ತಪ್ಪಿದರೆ ನ್ಯಾಯಾಲಯ. ಆದ್ದರಿಂದ ನಿಧಾನವಾಗಿ ಓದಿ.

ಫಾರ್ಮ್ 29 ಎಂದರೆ "ಈ ವಾಹನವನ್ನು ಇಂಥವರಿಗೆ ಇಂಥ ದಿನ ಮಾರಿದ್ದೇನೆ" ಎಂದು ಮಾರಿದವರು ಆರ್‌ಟಿಒಗೆ ಕೊಡುವ ಸೂಚನೆ. ಇದನ್ನು ಎರಡು ಪ್ರತಿಗಳಲ್ಲಿ ಕೊಡಬೇಕು. ದಾಖಲೆಯಲ್ಲಿ ಬದಲಾವಣೆಯಾದ ನಂತರ ಕಚೇರಿಯ ಹಿಂಬರಹವಿರುವ ಒಂದು ಪ್ರತಿ ಮಾರಿದವರಿಗೆ ಹಿಂದಿರುಗಬೇಕೆಂದು ಆ ಫಾರ್ಮ್‌ನಲ್ಲೇ ಮುದ್ರಿತವಾಗಿದೆ. ಫಾರ್ಮ್ 30 ಎಂದರೆ ವರ್ಗಾವಣೆಯ ಅರ್ಜಿ. ಅದರಲ್ಲಿ ಮಾರುವವರ ಭಾಗ ಬೇರೆ, ಕೊಳ್ಳುವವರ ಭಾಗ ಬೇರೆ. ವಾಹನ ನೋಂದಣಿಯಾದ ರಾಜ್ಯದೊಳಗೇ ವರ್ಗಾವಣೆಯಾಗುವಾಗ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕೆಂದು ಕಾಯ್ದೆಯ 50ನೆಯ ಕಲಂ ಹೇಳುತ್ತದೆ. ಅಂದರೆ ವರದಿ ಮಾಡುವುದು ನಿಮ್ಮ ಕರ್ತವ್ಯವೂ ಹೌದು. "ಎಲ್ಲಾ ಡೀಲರ್ ನೋಡಿಕೊಳ್ಳುತ್ತಾನೆ" ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

ಈಗ ಡೀಲರ್‌ನ ಬಗೆಯನ್ನು ಅವಲಂಬಿಸಿ ದಾರಿ ಬೇರೆಯಾಗುತ್ತದೆ.

ಡೀಲರ್ ಅಧಿಕೃತ ಪ್ರಮಾಣಪತ್ರ ಹೊಂದಿದ್ದರೆ, ಕಾರು ಒಪ್ಪಿಸುವಾಗ ಫಾರ್ಮ್ 29ಸಿ ಸಲ್ಲಿಸಬೇಕು. ಇದು ನೀವಿಬ್ಬರೂ ಸಹಿ ಮಾಡಿ, ಕಾರು ಡೀಲರ್‌ನ ವಶಕ್ಕೆ ಹೋಯಿತೆಂದು ಪೋರ್ಟಲ್ ಮೂಲಕ ತಿಳಿಸುವ ಪತ್ರ. ಅದರ ಸ್ವೀಕೃತಿ ಬಂದ ಮೇಲೆ ಕಾರಿನ ಹೊಣೆ ಡೀಲರ್‌ನದು. ಗಿರಾಕಿಗೆ ತೋರಿಸಲು, ರಿಪೇರಿಗೆ, ತಪಾಸಣೆಗೆ ಒಯ್ಯಲು ಬಿಟ್ಟರೆ ಬೇರೆ ಕೆಲಸಕ್ಕೆ ಆ ಕಾರನ್ನು ಆತ ರಸ್ತೆಗೆ ಇಳಿಸುವಂತಿಲ್ಲ. ಇಳಿಸಿದ ಪ್ರತಿ ಓಡಾಟವನ್ನೂ ವಿದ್ಯುನ್ಮಾನ ರಿಜಿಸ್ಟರಿನಲ್ಲಿ ಬರೆಯಬೇಕು. ಹೀಗೆ ತನ್ನ ಹೆಸರಿಗೆ ಆರ್‌ಸಿ ಮಾಡಿಸದೆಯೂ ಹೊಣೆ ಹೊರುವ ದಾರಿ ಡೀಲರ್‌ಗೆ ಇರುವುದರಿಂದ, "ಓನರ್ ಸಂಖ್ಯೆ ಏರುತ್ತದೆ" ಎಂಬ ಹಳೆಯ ನೆಪ ಅಧಿಕೃತ ಡೀಲರ್‌ನ ಬಾಯಿಗೆ ಹೊಂದುವುದಿಲ್ಲ. ಸ್ವೀಕೃತಿಯ ಪ್ರತಿ ಕೈಗೆ ಬರುವ ತನಕ ಕಾರು ನಿಮ್ಮ ಅಂಗಳದಲ್ಲೇ ಇರಲಿ.

ಡೀಲರ್‌ಗೆ ಪ್ರಮಾಣಪತ್ರ ಇಲ್ಲದಿದ್ದರೆ ನನ್ನ ಸಲಹೆ ಕಟುವಾಗಿಯೇ ಇದೆ: ಕಾರನ್ನು ಅವರ ಹೆಸರಿಗೇ ಮಾಡಿಸಿಕೊಳ್ಳಲು ಹೇಳಿ, ಒಪ್ಪದಿದ್ದರೆ ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟ ಫಾರ್ಮ್‌ಗೆ ಸಹಿ ಹಾಕಬೇಡಿ. ಅಂತಿಮ ಗಿರಾಕಿ ಸಿಕ್ಕಿದ ದಿನ ಕರೆಯಿರಿ, ಬಂದು ಅವರ ಹೆಸರು ತುಂಬಿದ ಫಾರ್ಮ್‌ಗೆ ಸಹಿ ಮಾಡಿ, ಒಟಿಪಿ ಕೊಟ್ಟು, ಅಂದೇ ಕಾರು ಒಪ್ಪಿಸುತ್ತೇನೆ ಎಂದು ಹೇಳಿ. ಇದಕ್ಕೆ ಒಪ್ಪುವ ಡೀಲರ್‌ಗಳು ಇದ್ದಾರೆ. ಒಪ್ಪದವರು ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಡುತ್ತೇನೆಂದರೂ, ಆ ಹೆಚ್ಚುವರಿ ಹಣ ನಿಮ್ಮ ಹೆಸರಿನಲ್ಲಿ ಅಪರಿಚಿತರು ಕಾರು ಓಡಿಸುವುದಕ್ಕೆ ಕೊಡುವ ಬಾಡಿಗೆ ಎಂದು ಲೆಕ್ಕ ಹಾಕಿ.

ಇಷ್ಟಾದರೂ ಖಾಲಿ ಫಾರ್ಮ್ ಕೊಡುವುದು ಅನಿವಾರ್ಯವೆನಿಸಿದರೆ, ಮೂರು ತಡೆಗಳನ್ನಾದರೂ ಇಟ್ಟುಕೊಳ್ಳಿ. ವರ್ಗಾವಣೆಗೆ 30 ದಿನಗಳ ಗಡುವನ್ನು ಬರಹದಲ್ಲಿ ಪಡೆಯಿರಿ. ವರ್ಗಾವಣೆಯಾದ ಮೇಲೆ ಹಿಂದಿರುಗಿಸುವ ಷರತ್ತಿನ ಮೇಲೆ ಒಂದು ಠೇವಣಿ ನಿಮ್ಮಲ್ಲಿರಲಿ. ಎರಡನೆಯ ಕೀಲಿಯನ್ನು ಅಲ್ಲಿಯವರೆಗೆ ಕೊಡಬೇಡಿ. ಬೆಂಗಳೂರಿನ ಮಾರುಕಟ್ಟೆಯಲ್ಲಿ ಎರಡನೆಯ ಕೀಲಿ ಹಿಡಿದಿಟ್ಟುಕೊಳ್ಳುವುದು ಹೊಸ ಮಾತೇನಲ್ಲ, ಯಾರೂ ಬೇಸರಪಡುವುದಿಲ್ಲ.

ಕಾರು ಹೊರರಾಜ್ಯಕ್ಕೆ ಹೋಗುವುದಾದರೆ ಫಾರ್ಮ್ 28ರ ಮೂಲಕ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. ಎನ್‌ಒಸಿ ಸಿಕ್ಕಿದ ದಿನವೇ ಹೊಣೆ ಕಳೆಯಿತೆಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಅಲ್ಲಿನ ಆರ್‌ಟಿಒದಲ್ಲಿ ಹೊಸಬರ ಹೆಸರಿಗೆ ದಾಖಲಾಗುವವರೆಗೆ ಕಾರು ನಿಮ್ಮ ಹೆಸರಿನಲ್ಲೇ ಇರುತ್ತದೆ.

ಆಧಾರ್, ಪ್ಯಾನ್ ಪ್ರತಿಗಳ ಮೇಲೆ ಅಡ್ಡಲಾಗಿ "ಈ ಸಂಖ್ಯೆಯ ಕಾರಿನ ವರ್ಗಾವಣೆಗೆ ಮಾತ್ರ" ಎಂದು ವಾಹನದ ಸಂಖ್ಯೆ, ದಿನಾಂಕ ಸಹಿತ ಬರೆದು, ಬರಹ ಚಿತ್ರದ ಮೇಲೆ ಹಾಯುವಂತೆ ಸಹಿ ಮಾಡಿ ಕೊಡಿ.

6. ಡೆಲಿವರಿ ನೋಟ್

ಕಾರು ಯಾವ ಕ್ಷಣದಲ್ಲಿ ಕೈಬದಲಾಯಿತು ಎಂಬುದಕ್ಕೆ ಸಾಕ್ಷಿಯಾಗುವ ಬರಹವೇ ಡೆಲಿವರಿ ನೋಟ್. ದಿನಾಂಕ ಬರೆಯುವವರು ಬಹಳ ಜನ, ಗಂಟೆ ಬರೆಯುವವರು ಕಡಿಮೆ. ಸಂಜೆ ಕಾರು ಕೊಟ್ಟು, ಅದೇ ರಾತ್ರಿ ಸಿಗ್ನಲ್ ದಾಟಿದ ಚಲನ್ ಬಂದರೆ ದಿನಾಂಕ ಸಾಲುವುದಿಲ್ಲ. ನನಗೇ ಒಮ್ಮೆ ಹಾಗಾದ ಮೇಲೆ ನಾನು ನಿಮಿಷವನ್ನೂ ಬರೆಯಲಾರಂಭಿಸಿದೆ. ಬರಹ ಹೀಗಿದ್ದರೆ ಸಾಕು:

"ಮೇಲ್ಕಂಡ ನೋಂದಣಿ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳ ಕಾರನ್ನು, ಓಡೋಮೀಟರ್ 61,340 ಕಿ.ಮೀ. ತೋರಿಸುತ್ತಿರುವಾಗ, ಈ ದಿನ ಸಂಜೆ 4 ಗಂಟೆ 20 ನಿಮಿಷಕ್ಕೆ ಒಂದು ಕೀಲಿಯೊಂದಿಗೆ ಇದ್ದ ಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ. ಈ ಸಮಯದಿಂದ ಮುಂದೆ ಈ ವಾಹನದಿಂದ ಉಂಟಾಗುವ ಅಪಘಾತ, ದಂಡ, ಅಪರಾಧ ಮತ್ತು ತೆರಿಗೆಯ ಹೊಣೆ ನನ್ನದು. 30 ದಿನಗಳೊಳಗೆ ನೋಂದಣಿ ವರ್ಗಾವಣೆ ಮಾಡಿಸಿ ಅದರ ಪ್ರತಿಯನ್ನು ಮಾರಿದವರಿಗೆ ಕೊಡುತ್ತೇನೆ."

ಎರಡು ಪ್ರತಿ, ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು, ಡೀಲರ್‌ನ ಗುರುತಿನ ಚೀಟಿಯ ಪ್ರತಿ. ಕಾರಿನ ಪಕ್ಕದಲ್ಲಿ ಡೀಲರ್ ನಿಂತ ಚಿತ್ರ, ಓಡೋಮೀಟರಿನ ಚಿತ್ರ ಎರಡನ್ನೂ ತೆಗೆದಿಡಿ. ಒಂದು ಎಚ್ಚರಿಕೆ: ಈ ಬರಹ ನಿಮ್ಮ ಮತ್ತು ಡೀಲರ್ ನಡುವಿನದು. ಅಪಘಾತದಲ್ಲಿ ಗಾಯಗೊಂಡ ಮೂರನೆಯವರನ್ನು ಅದು ಕಟ್ಟಿಹಾಕುವುದಿಲ್ಲ. ನೀವು ತೆತ್ತದ್ದನ್ನು ಡೀಲರ್‌ನಿಂದ ವಸೂಲಿ ಮಾಡಲು ಮಾತ್ರ ಆಧಾರವಾಗುತ್ತದೆ. ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದರೂ ಈ ಮಿತಿ ಬದಲಾಗುವುದಿಲ್ಲ.

7. ಕೀಲಿ ಕೊಡುವ ಮೊದಲಿನ ಅರ್ಧ ಗಂಟೆ

ಗಾಜಿನ ಮೇಲಿನ ಫಾಸ್ಟ್ಯಾಗ್ ನಿಮ್ಮ ಬ್ಯಾಂಕ್ ಖಾತೆಗೋ ವ್ಯಾಲೆಟ್‌ಗೋ ಜೋಡಣೆಯಾಗಿರುತ್ತದೆ. ಅದನ್ನು ಕೊಟ್ಟ ಬ್ಯಾಂಕಿಗೆ ಮನವಿ ಸಲ್ಲಿಸಿ ಮುಚ್ಚಿಸಿ, ಸ್ಟಿಕ್ಕರನ್ನು ಕೆರೆದು ತೆಗೆಯಿರಿ. ಬರೀ ಕಿತ್ತರೆ ಖಾತೆ ಜೀವಂತವಾಗಿಯೇ ಉಳಿಯುತ್ತದೆ, ಹೊಸಬರಿಗೆ ಹೊಸ ಟ್ಯಾಗ್ ಪಡೆಯಲು ತೊಡಕೂ ಆಗುತ್ತದೆ. ಅಪಾರ್ಟ್‌ಮೆಂಟ್, ಕಚೇರಿ, ಕ್ಲಬ್ಬಿನ ಸ್ಟಿಕ್ಕರುಗಳೂ ಹೋಗಲಿ.

ಕಾರಿನ ಪರದೆಯಲ್ಲಿ ನಿಮ್ಮ ಫೋನಿನ ಸಂಪರ್ಕ ಪಟ್ಟಿ, ಮನೆಯ ವಿಳಾಸ ಉಳಿದಿರುತ್ತವೆ. ಫ್ಯಾಕ್ಟರಿ ರೀಸೆಟ್ ಮಾಡಿ. ಡ್ಯಾಷ್‌ಕ್ಯಾಮ್‌ನ ಮೆಮೊರಿ ಕಾರ್ಡ್ ತೆಗೆಯಿರಿ. ಕಾರು ಎಲ್ಲಿದೆಯೆಂದು ತೋರಿಸುವ ಕಂಪನಿಯ ಆ್ಯಪ್ ಇದ್ದರೆ, ಅದರಿಂದ ವಾಹನವನ್ನು ಕಳಚಿ. ಇನ್ನೊಬ್ಬರ ಕಾರಿನ ಓಡಾಟ ನಿಮ್ಮ ಫೋನಿನಲ್ಲಿ ಕಾಣುತ್ತಿರುವುದು ಅವರಿಗೂ ಒಳ್ಳೆಯದಲ್ಲ, ನಿಮಗೂ.

8. ವಿಮೆಯನ್ನು ಅವಸರದಲ್ಲಿ ರದ್ದು ಮಾಡಬೇಡಿ

ಉಳಿದ ತಿಂಗಳುಗಳ ಕಂತು ಹಿಂದಿರುಗುತ್ತದೆಂಬ ಆಸೆಯಿಂದ ಕಾರು ಕೊಟ್ಟ ಮರುದಿನವೇ ಪಾಲಿಸಿ ರದ್ದು ಮಾಡಿಸುವವರಿದ್ದಾರೆ. ಆರ್‌ಸಿ ನಿಮ್ಮ ಹೆಸರಿನಲ್ಲಿದ್ದು, ವಿಮೆ ಇಲ್ಲದೆ, ಕಾರು ಅಪಘಾತ ಮಾಡಿದರೆ ಪರಿಹಾರದ ಪೂರ್ತಿ ಭಾರ ನಿಮ್ಮ ಆಸ್ತಿಯ ಮೇಲೆ ಬೀಳಬಹುದು. ವರ್ಗಾವಣೆಯಾಗುವವರೆಗೆ ಪಾಲಿಸಿ ಇರಲಿ. ಅದರ ಅವಧಿ ಕೆಲವೇ ದಿನದಲ್ಲಿ ಮುಗಿಯುವುದಾದರೆ, ನವೀಕರಣ ಯಾರು ಮಾಡಬೇಕೆಂದು ಡೆಲಿವರಿ ನೋಟಿನಲ್ಲೇ ಸೇರಿಸಿ. ಕಾರು ಮಾರಿದ ವಿಷಯವನ್ನು ವಿಮಾ ಕಂಪನಿಗೆ ಇಮೇಲ್‌ನಲ್ಲಿ ತಿಳಿಸಿ. ಕೊಂಡವರು 14 ದಿನಗಳೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕೆಂಬುದು ಕಾಯ್ದೆಯ ನಿಯಮ.

ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಕಾರಿನದಲ್ಲ, ನಿಮ್ಮದು. ಶೇ. 20ರಿಂದ ಆರಂಭವಾಗಿ ಶೇ. 50ರವರೆಗೆ ಏರುವ ಇದನ್ನು ಮೀಸಲಿಡುವ ಪತ್ರವನ್ನು ಮಾರಾಟದ ಪುರಾವೆ ಕೊಟ್ಟು ಪಡೆದುಕೊಂಡರೆ, ಮೂರು ವರ್ಷಗಳೊಳಗೆ ಕೊಳ್ಳುವ ಹೊಸ ಕಾರಿಗೆ ಬಳಸಬಹುದು.

9. ಹೆಸರು ಇಳಿಯುವವರೆಗೆ ಬೆನ್ನು ಹತ್ತಿ

ಹದಿನೈದನೆಯ ದಿನ ಮತ್ತು ಮೂವತ್ತನೆಯ ದಿನ ಎಂ-ಪರಿವಾಹನ್ ಆ್ಯಪ್‌ನಲ್ಲಿ ವಾಹನದ ಸಂಖ್ಯೆ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರಗಳು ಮರೆಯಾಗಿದ್ದರೂ ಬದಲಾದದ್ದು ಗೊತ್ತಾಗುತ್ತದೆ. ಜೊತೆಗೆ ಚಲನ್‌ಗಳನ್ನೂ ನೋಡುತ್ತಿರಿ. ಬೇರೆ ಊರಿನ ಚಲನ್ ಬಂದರೆ ಕಾರು ಡೀಲರ್‌ನ ಅಂಗಡಿಯಲ್ಲಿಲ್ಲ ಎಂದರ್ಥ. ವರ್ಗಾವಣೆಯ ಒಟಿಪಿ ಕೇಳಿ ಕರೆ ಬಂದಾಗ, ಕೊಳ್ಳುವವರ ಪೂರ್ಣ ಹೆಸರು, ಅರ್ಜಿ ಸಂಖ್ಯೆ ಬರೆದುಕೊಂಡ ಮೇಲಷ್ಟೇ ಕೊಡಿ.

ಗಡುವು ಮೀರಿದರೆ ಫೋನಿನಲ್ಲಿ ಜಗಳವಾಡುವುದನ್ನು ನಿಲ್ಲಿಸಿ ಕಾಗದಕ್ಕೆ ಇಳಿಯಿರಿ. ಏಳು ದಿನಗಳ ಅವಕಾಶ ಕೊಟ್ಟು ಡೀಲರ್‌ಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ಅದರ ಪ್ರತಿ, ಡೆಲಿವರಿ ನೋಟ್, ಹಣ ಬಂದ ಬ್ಯಾಂಕ್ ವಿವರ, ಡೀಲರ್‌ನ ಹೆಸರು ತುಂಬಿದ ಫಾರ್ಮ್ 29 ಇಷ್ಟನ್ನೂ ಜೋಡಿಸಿ ನೀವೇ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಒಪ್ಪಿಸಿ, ಟಪಾಲು ವಿಭಾಗದ ಮೊಹರು ಹಾಕಿಸಿಕೊಳ್ಳಿ. ಡೀಲರ್ ಸಿಗದೇ ಹೋದರೆ ಅದೇ ಕಡತದೊಂದಿಗೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಇದರಿಂದ ಆರ್‌ಸಿ ತಾನಾಗಿ ಬದಲಾಗುವುದಿಲ್ಲ, ಆದರೆ ಆ ತಾರೀಖಿನ ನಂತರ ಏನೇ ಆದರೂ ನೀವು ಸುಮ್ಮನೆ ಕುಳಿತಿರಲಿಲ್ಲ ಎಂಬುದಕ್ಕೆ ಮೊಹರು ಸಾಕ್ಷಿ ಹೇಳುತ್ತದೆ.

ಹೆಸರು ಬದಲಾದ ಮೇಲೆ ಹೊಸ ಆರ್‌ಸಿಯ ಪ್ರತಿಯನ್ನೂ, ಹಿಂಬರಹವಿರುವ ಫಾರ್ಮ್ 29ನ್ನೂ ಪಡೆದು, ಎರಡನೆಯ ಕೀಲಿ ಮತ್ತು ಠೇವಣಿಯನ್ನು ಹಿಂದಿರುಗಿಸಿ. ಕಡತವನ್ನು ಮಾತ್ರ ಎಸೆಯಬೇಡಿ. ಮಾರಾಟಕ್ಕಿಂತ ಹಿಂದಿನ ಯಾವುದೋ ಘಟನೆಯ ನೋಟಿಸ್ ತಡವಾಗಿ ಬಂದಾಗ, ಕಾರು ಎಂದಿನವರೆಗೆ ನಿಮ್ಮದಾಗಿತ್ತು ಎಂಬುದನ್ನೂ ಅದೇ ತೋರಿಸಬೇಕು.